ಈರ ಹರಿಕಂತ್ರ ತಂದ ವಿಮಾನ

ಸಕಲ ವಿಘ್ನಗಳನ್ನು ನಿವಾರಿಸುವ ದೇವನು ತನ್ನ ಅಷ್ಟು ದೊಡ್ಡ ದೇಹಕ್ಕೆ ಒಂದು ಇಲಿಯೇ ಸಾಕೆಂದು ತೃಪ್ತನಾಗಿದ್ದಾನೆ. ಇದನ್ನು ನೆನೆದಾಗಲೆಲ್ಲ, ವಾಹನಗಳ ಗಾತ್ರವನ್ನು ಕುರಿತು ವಾದಿಸುವವರ ಮೇಲೆ ನನಗೆ ಕನಿಕರ ಮೂಡುತ್ತದೆ. ಆದರೆ ಅಂತಹ ವಾದವನ್ನು ಎಷ್ಟೋ ಮಧ್ಯಾಹ್ನ ಕಿವಿಯಾರೆ ಕೇಳಿ, ಕೇಳಿದ್ದು ಸಾಲದೆ ಮರುದಿನ ಮತ್ತೆ ಹೋಗಿ ಕುಳಿತವನೂ ನಾನೇ. ಆದ್ದರಿಂದ ಕನಿಕರವನ್ನು ಬದಿಗಿರಿಸಿ, ಆ ಮೂಷಿಕವಾಹನನಿಗೆ ವಂದಿಸಿ, ಹೊಳನಗದ್ದೆಯ ಈರ ಹರಿಕಂತ್ರನ ವಿಮಾನದ ವೃತ್ತಾಂತವನ್ನು ಹೇಳಲು ತೊಡಗುತ್ತೇನೆ.

ಕುಮಟೆಯಿಂದ ಹೊನ್ನಾವರದ ಕಡೆಗೆ ಹೆದ್ದಾರಿ ಅಗಲವಾಗುತ್ತಿದ್ದ, ಅರವತ್ತೆರಡು ಅರವತ್ತಮೂರನೆಯ ಇಸವಿಗಳ ಕಾಲವದು. ಹೊಳನಗದ್ದೆಯ ಕಡಲಂಚಿನಲ್ಲಿ ಸಣ್ಣಮ್ಮನ ಚಾ ಅಂಗಡಿಯಿತ್ತು. ದೇವರ ಪೂಜೆ ಮುಗಿಸಿ ಹಿಂದಿರುಗುವಾಗ ನಾನು ಅಲ್ಲಿಯ ತೆಂಗಿನ ನೆರಳಿನಲ್ಲಿ ಕೂರುತ್ತಿದ್ದೆ; ಮಡಿಯ ದೆಸೆಯಿಂದ ನನ್ನ ಪಾಲಿಗೆ ಎಳನೀರು ಮಾತ್ರ. ಆದರೆ ಮಾತಿಗೆ ಮೈಲಿಗೆಯಿಲ್ಲವಷ್ಟೆ. ಅಲ್ಲಿ ಮೂವರು ಮಹನೀಯರು ಮೂರು ಮತಗಳನ್ನು ಪ್ರತಿಪಾದಿಸುತ್ತಿದ್ದರು.

ಮೊದಲನೆಯವರು ಭಟ್ಕಳದ ಜವಳಿ ವ್ಯಾಪಾರಿ ದಾಮೂದಿ ಸಾಹೇಬರು. ಕುಮಟೆಯ ಅಂಗಡಿಗೆ ಬಂದಾಗಲೆಲ್ಲ ತಮ್ಮ ಪುಟ್ಟ ಮೋರಿಸ್ ಕಾರನ್ನು ಕಡಲ ದಾರಿಗೆ ತಿರುಗಿಸದೆ ಅವರಿಗೆ ಸಮಾಧಾನವಿರಲಿಲ್ಲ. ಸಣ್ಣ ಕಾರೇ ಸರ್ವೋತ್ತಮವೆಂಬುದು ಅವರ ಸಿದ್ಧಾಂತ.

"ಅರೇ ಭಟ್ರೇ, ಹೊನ್ನಾವರದಲ್ಲಿ ಶರಾವತಿ ದಾಟ್ಬೇಕಲ್ಲ? ಎರಡು ದೋಣಿ ಜೋಡಿಸಿ, ಹಲಗೆ ಹಾಸಿ, ಜಂಗಲ್ ಅಂತ ಮಾಡಿ, ಅದರ ಮೇಲೆ ಗಾಡಿ ಏರಿಸ್ತಾರೆ. ದೊಡ್ಡ ಗಾಡಿ ಬಂತು ಅಂದ್ರೆ ಆ ಜಂಗಲ್‌ನವರ ಮುಖ ನೋಡ್ಬೇಕು, ಸಾವಿನ ಮನೆ! ನನ್ನ ಗಾಡಿ ಬಂತಾ? ಬಾಯಲ್ಲಿದ್ದ ಬೀಡಿ ಸಹ ತೆಗೆಯೋದಿಲ್ಲ!"

ಎರಡನೆಯವನು ಹೊಳನಗದ್ದೆಯ ಶುಕ್ರ ಗೌಡ. ರಸ್ತೆಯ ಕೆಲಸದವರು ತಮ್ಮ ಬುಲ್ಡೋಜರನ್ನು ಕೆಲಸವಿಲ್ಲದಾಗಲೆಲ್ಲ ಆ ಕಡಲಂಚಿನಲ್ಲೇ ತಾಡಪಾಲು ಹೊದಿಸಿ ನಿಲ್ಲಿಸುತ್ತಿದ್ದರು. ಅದನ್ನು ಕಾಯುವ ಹೊಣೆ ಶುಕ್ರನದು. ಅದರ ಆಸನದ ಮೇಲೆ ಅವನು ಒಮ್ಮೆಯೂ ಕುಳಿತವನಲ್ಲ. ಪ್ರತಿದಿನ ಬೆಳಗ್ಗೆ ಅದರ ಮೂತಿಯ ಮೇಲೆ ಒಂದು ದಾಸವಾಳವನ್ನಿಟ್ಟು ಕೈಮುಗಿಯುತ್ತಿದ್ದನು, ಅಷ್ಟೆ.

"ಸಾಹೇಬ್ರೆ, ನಿಮ್ಮ ಕಾರು ಹೋದ್ರೆ ರಸ್ತೆ ಮೇಲೆ ಹೋಗೂದು. ನಮ್ಮದು ಹೋದಲ್ಲಿ ರಸ್ತೆ ಆಗೂದು! ನಿಮ್ಮ ಆ ಕಪ್ಪೆ ನಮ್ಮ ಬುಲ್ಡೋಜರಿನ ಬಾಯೊಳಗೆ ಕೂತ್ರೆ ಹೊರಗೆ ಬಾಲ ಸೈತ ಕಾಣೂದಿಲ್ಲ."

"ಕಪ್ಪೆಗೆ ಬಾಲ ಎಲ್ಲಿದೆ ಗೌಡಾ?"

"ಅದೇ ನಾ ಹೇಳೂದು. ಇದ್ರಲ್ವಾ ಕಾಣೂದು?"

ಮೂರನೆಯವನೇ ನಮ್ಮ ಈರ. ಕೆಲವು ವರ್ಷ ಮುಂಬಯಿಯ ಬಂದರಿನಲ್ಲಿ ಖಲಾಸಿಯಾಗಿದ್ದಾಗ, ಮಹಾಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ವಿಮಾನಗಳನ್ನು ಅವನು ಕಂಡಿದ್ದನು. ಕಂಡದ್ದೇ ತಡ, ಮೀನು, ಬಲೆ, ಮನೆ, ಮಡದಿ ಎಲ್ಲವೂ ಅವನಿಗೆ ಎರಡನೆಯ ಸ್ಥಾನಕ್ಕಿಳಿದವು. ಅವನು ಆ ವಿಮಾನಗಳನ್ನು ಕುರಿತು ಮಾತನಾಡುವಾಗ, ಯುದ್ಧದಿಂದ ಮರಳಿದ ಹಿರಿಯಣ್ಣಂದಿರನ್ನು ಕುರಿತು ಮಾತನಾಡುವಂತಿರುತ್ತಿತ್ತು.

"ಒಂದೊಂದರ ಮೈಮೇಲೂ ಗುಂಡಿನ ಗಾಯ ಇತ್ತು ಭಟ್ರೆ! ಈಗ ಸರ್ಕಾರ ಪಿಂಚಣಿ ಕೊಟ್ಟು ಮನೇಲಿ ಕೂರಿಸ್ದಾಂಗೆ ಕೂರಿಸಿದ್ರು."

"ಪಿಂಚಣಿ ತಗೊಂಡ ವಿಮಾನ ಹಾರ್ತದ್ಯಾ?" ಎಂದು ಶುಕ್ರನು ಕೆಣಕುತ್ತಿದ್ದನು.

"ಪಿಂಚಣಿ ತಗೊಂಡ ಮಾಸ್ತರು ನಡೀದಿಲ್ವಾ?" ಎಂದು ಈರನು ಮರುನುಡಿಯುತ್ತಿದ್ದನು.

ಹೀಗೆ ಸುಖವಾಗಿ ನಡೆಯುತ್ತಿದ್ದ ವಾದಕ್ಕೆ ಒಂದು ಬೇಸಗೆಯಲ್ಲಿ ವಿಪರೀತ ತಿರುವು ಬಂತು. ಯಾವುದೋ ಕೆಲಸಕ್ಕೆಂದು ಮುಂಬಯಿಗೆ ಹೋದ ಈರನು, ಅಲ್ಲಿ ಹಂಚು ಇಳಿಸಿ ತದಡಿ ಬಂದರಿಗೆ ಮರಳುತ್ತಿದ್ದ ಮಚವೆ ಹಡಗಿನವರ ಬಾಯಲ್ಲಿ ಮನೆಗೆ ಒಂದು ಸುದ್ದಿ ಕಳುಹಿಸಿದನು: "ಬರೂ ಸೋಮವಾರ ವಿಮಾನ ತಗೊಂಡು ಬರ್ತೆ."

ಈ ಸುದ್ದಿಯನ್ನು ಹೊಳನಗದ್ದೆಯು ಹೇಗೆ ಸ್ವೀಕರಿಸಿತೆಂಬುದನ್ನು ವರ್ಣಿಸಲು ನನ್ನ ಶಕ್ತಿ ಸಾಲದು. ಈರನ ಮಡದಿ ದುರ್ಗಮ್ಮನು ಕಡಲ ದಂಡೆಯಲ್ಲಿ ಒಣಹಾಕಿದ್ದ ಮೀನನ್ನೆಲ್ಲ ತೆಗೆಸಿದಳು. ತನ್ನದನ್ನಷ್ಟೇ ಅಲ್ಲ, ಇಡೀ ಕೇರಿಯದನ್ನು. "ಇಳೂಕೆ ಜಾಗ ಬೇಕಲ್ರೋ! ನಾಳೆ ನಿಮ್ಮ ಬಂಗಡೆ ವಿಮಾನದ ಚಕ್ರಕ್ಕೆ ಸಿಕ್ಕಿ ಅಪ್ಪಚ್ಚಿ ಆತು ಅಂತ ನನ್ನ ಬಾಗಿಲಿಗೆ ಬರಬೇಡಿ!" ಶುಕ್ರನು ಬುಲ್ಡೋಜರಿನ ತಾಡಪಾಲಿನ ಹಗ್ಗಗಳನ್ನು ಬಿಗಿಮಾಡಿದನು, ಮೇಲಿನಿಂದ ಬರುವವರ ಕಣ್ಣು ಬೀಳಬಾರದಲ್ಲ. ಶಾಲೆಯ ಮಾಸ್ತರರು, ವಿಮಾನ ಬರುವ ಹೊತ್ತಿಗೆ ಮಕ್ಕಳು ಹೇಗೂ ಕಿವಿಗೊಡಲಾರರೆಂದು, ಪಾಠವನ್ನು ದಂಡೆಗೇ ಸಾಗಿಸಿದರು. ಸಣ್ಣಮ್ಮನು ಭಜಿ ಕರಿದು ರಾಶಿ ಹಾಕಿದಳು.

ಸೋಮವಾರ ಊರಿಗೆ ಊರೇ ದಂಡೆಯ ಮೇಲೆ ನಿಂತು ಆಕಾಶವನ್ನು ನೋಡಿತು. ಒಂದು ಹದ್ದು ಬಂದಾಗ ಇಬ್ಬರು ಮುದುಕಿಯರು ಕೈಮುಗಿದರು. ಎಲ್ಲರೂ ಹೀಗೆ ಕತ್ತೆತ್ತಿ ನಿಂತಿದ್ದುದರಿಂದ, ತದಡಿಯ ಕಡೆಯಿಂದ ಬಂದ ಮೀನುದೋಣಿಯೊಂದು ತಮ್ಮ ಕಾಲ ಬುಡದಲ್ಲೇ ಮರಳಿಗೆ ತಾಗಿದ್ದನ್ನು ಯಾರೂ ಗಮನಿಸಲಿಲ್ಲ.

"ಎಲ್ರೂ ಮೇಲೆ ಎಂತ ನೋಡ್ತಿದ್ರಿ?" ಎಂದು ದೋಣಿಯಿಂದ ಈರನ ಧ್ವನಿ ಕೇಳಿತು. ಅವನು ಬಂದಿದ್ದನು. ಅವನ ಪಕ್ಕದಲ್ಲಿ, ಬೆಳ್ಳಿಯಂತೆ ಹೊಳೆಯುವ, ಎರಡು ತುದಿಯೂ ಚೂಪಾದ, ಆಳಿಗಿಂತ ಎರಡು ಪಟ್ಟು ಉದ್ದದ ಒಂದು ವಸ್ತು ಮಲಗಿತ್ತು.

"ವಿಮಾನ ಎಲ್ಲಿ?" ಎಂದಳು ದುರ್ಗಮ್ಮ.

"ಇದೇ."

"ರೆಕ್ಕೆ ಎಲ್ಲಿ?"

ಈರನು ಬಹಳ ಗಂಭೀರನಾಗಿ ವಿವರಿಸಿದನು: ಇದು ಯುದ್ಧವಿಮಾನದ ಹೊಟ್ಟೆಯ ಕೆಳಗೆ ತೂಗುಹಾಕುವ ಪೆಟ್ರೋಲಿನ ಟ್ಯಾಂಕು. ದೂರ ಹೋಗುವಾಗ ಇದರಲ್ಲಿದ್ದ ಎಣ್ಣೆಯನ್ನೇ ಮೊದಲು ಕುಡಿದು ವಿಮಾನವು ಹಾರುತ್ತದೆ. ವಿಮಾನ ಹಾರಿದಲ್ಲೆಲ್ಲ ಇದೂ ಹಾರಿದೆ. ತಾನು ಒಳಗೆ ಕೂರುವುದಕ್ಕಾಗಿ ಮೇಲೆ ಒಂದು ಬಾಯಿಯನ್ನೂ ಕೊರೆಸಿ ತಂದಿರುವನು.

"ಊರಿಗೆಲ್ಲ ವಿಮಾನ ಅಂದ್ರಿ, ತಂದದ್ದು ಚಿಮಣಿ ಎಣ್ಣೆ ಡಬ್ಬಿ!" ಎಂದು ದುರ್ಗಮ್ಮನು ತಲೆಯ ಮೇಲೆ ಕೈಹೊತ್ತು ಕುಳಿತಳು. ಊರವರ ನಗೆ ಅಲೆಗಳ ಸದ್ದನ್ನೂ ಮೀರಿತು. ಸಣ್ಣಮ್ಮನ ಭಜಿ ಮಾತ್ರ ಪೂರ್ತಿ ಖರ್ಚಾಯಿತು.

ಆ ನಗೆ ಅಲ್ಲಿಗೇ ಮುಗಿದಿದ್ದರೆ ನನಗೆ ಬರೆಯಲು ವಿಷಯವಿರುತ್ತಿರಲಿಲ್ಲ. ಆದರೆ ಕೇರಿಯ ಯಜಮಾನ ವೆಂಕಟ ಹರಿಕಂತ್ರನು ನಗಲಿಲ್ಲ. ಅವನು ಆ ವಸ್ತುವನ್ನು ಒಂದು ಸುತ್ತು ಬಂದು, ಬೆರಳಗಂಟಿನಿಂದ ಬಡಿದು ನೋಡಿ, ಮೇಲಿನ ಬಾಯಿಯೊಳಗೆ ಇಣುಕಿ, ನಿರ್ಣಯ ಹೇಳಿದನು: "ಉದ್ದ ಇತ್ತು. ಒಳಗೆ ಪೊಳ್ಳು ಇತ್ತು. ಎರಡೂ ತುದಿ ಚೂಪು. ಆಳು ಕೂರೂಕೆ ಜಾಗ ಇತ್ತು. ಇದು ದೋಣಿ."

ಕಡಲ ಮಕ್ಕಳ ಕೇರಿಯಲ್ಲಿ ಈ ಮಾತಿನ ಭಾರವನ್ನು ಹೊರಗಿನವರು ತಿಳಿಯುವುದು ಕಷ್ಟ. ಹೊಸ ದೋಣಿಯೊಂದು ಕೇರಿಗೆ ಬಂದಿತೆಂದರೆ, ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಒಪ್ಪಿಸಿ, ಇಡೀ ಕೇರಿ ಹಗ್ಗಕ್ಕೆ ಕೈಹಚ್ಚಿ ಎಳೆದು, ಅದನ್ನು ನೀರಿಗೆ ಮುಟ್ಟಿಸಲೇಬೇಕು. ಹೊಸ ದೋಣಿ ಒಣಗಿಕೊಂಡು ದಂಡೆಯಲ್ಲಿ ಕುಳಿತಿದ್ದರೆ ಉಳಿದವರು ಯಾರೂ ತಮ್ಮ ದೋಣಿಯನ್ನು ಇಳಿಸುವಂತಿಲ್ಲ, ಕಡಲಿಗೆ ಅವಮಾನವಾಗುತ್ತದೆ.

"ಯಜಮಾನ್ರೆ, ಇದು ದೋಣಿ ಅಲ್ಲ! ಆಕಾಶದಲ್ಲಿ ಹಾರಿದ್ದನ್ನ ಕೆಸರಿಗೆ ಹಾಕ್ತ್ರಾ? ಕಲೆಕ್ಟರನ್ನ ಕರ್ದು ಸೆಗಣಿ ಬಾಚಿಸ್ದಾಂಗೆ ಆತು!"

"ಹಾಂಗಾದ್ರೆ ಹಾರ್ಸು."

ಪರೀಕ್ಷೆಗೆಂದು ಕೇರಿಯವರು ಅದನ್ನು ಹಳ್ಳದ ನೀರಿಗಿಟ್ಟು ಈರನನ್ನು ಒಳಗೆ ಕೂರಿಸಿದರು. ದುಂಡಗಿದ್ದ ಆ ವಸ್ತುವು ಕೂಡಲೆ ಮಗುಚಿ ಈರನನ್ನು ಕೆಳಗೂ ತನ್ನನ್ನು ಮೇಲೂ ಮಾಡಿಕೊಂಡಿತು. ಎತ್ತಿ ಮತ್ತೆ ಕೂರಿಸಿದರೆ ಮತ್ತೆ ಅದೇ ಗತಿ. "ನೋಡಿದ್ರ್ಯಾ! ದೋಣಿ ಆಗಿದ್ರೆ ತೇಲ್ತಿತ್ತು. ವಿಮಾನಕ್ಕೆ ನೀರು ಆಗೂದಿಲ್ಲ!" ಎಂದು ಕೆಸರನ್ನು ಉಗುಳುತ್ತಲೇ ಅವನು ಸಾರಿದನು. ಸೋಲಿನಲ್ಲಿಯೂ ಸ್ವಮತಕ್ಕೆ ಪ್ರಮಾಣವನ್ನು ಹುಡುಕಬಲ್ಲವನನ್ನು ನಾನು ಸದಾ ಗೌರವಿಸುತ್ತೇನೆ.

ಈ ಗದ್ದಲವು ಬಂದರಿನ ಚೌಕಿಯನ್ನು ಮುಟ್ಟಿತು. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಅಧಿಕಾರಿಯೊಬ್ಬರು ಸೈಕಲ್ ಏರಿ ಬಂದರು.

"ಇದು ನೀರಾಗ ಹೋಗೂದಿದ್ರ ಮೈಮ್ಯಾಲೆ ನಂಬರ್ ಬರಸ್ಬೇಕ್ರೀ."

"ನೀರಲ್ಲಿ ಹೋಗೂದಿಲ್ಲ ಸಾಯ್ಬ್ರೆ, ಹಾರ್ತದೆ."

ಅಧಿಕಾರಿಯವರು ಟೋಪಿ ತೆಗೆದು ಬೆವರೊರೆಸಿಕೊಂಡರು. "ಹಾರೂದಿದ್ರ ಅದು ದಿಲ್ಲಿಯವರಿಗೆ ಬಿಟ್ಟದ್ದು. ಮ್ಯಾಲಿದ್ದಷ್ಟು ಹೊತ್ತು ನನಗ ಸಂಬಂಧಿಲ್ಲ. ಆದ್ರ ನೀರಿಗೆ ಬಿತ್ತೋ, ಹಿಡೀತೀನಿ ನೋಡ್ರಿ!"

ಕಡೆಗೆ ಎಲ್ಲರೂ ನನ್ನತ್ತ ತಿರುಗಿದರು. ವಿಮಾನದ ಒಂದು ಭಾಗವನ್ನು ವಿಮಾನವೆನ್ನಬಹುದೇ? ನಾನು ಕಣ್ಣುಮುಚ್ಚಿ, ನೂಲು ಬೇರೆಯೋ ಬಟ್ಟೆ ಬೇರೆಯೋ, ಅವಯವ ಬೇರೆಯೋ ಅವಯವಿ ಬೇರೆಯೋ ಎಂಬ ವಿಷಯದಲ್ಲಿ ನೈಯಾಯಿಕರಿಗೂ ಬೌದ್ಧರಿಗೂ ಶತಮಾನಗಟ್ಟಲೆ ನಡೆದ ವಿವಾದವನ್ನು ಸಂಗ್ರಹವಾಗಿ ತಿಳಿಸಿದೆನು. ಕಣ್ಣು ತೆರೆದಾಗ ಸಣ್ಣಮ್ಮನ ಹೊರತು ಯಾರೂ ಎದುರಿಗಿರಲಿಲ್ಲ. ಆದರೆ ಭಟ್ಟರು ತನ್ನ ಪರವಾಗಿ ತೀರ್ಪು ಕೊಟ್ಟರೆಂದು ಈರನೂ, ತನ್ನ ಪರವಾಗಿಯೆಂದು ವೆಂಕಟನೂ ಸಂಜೆಯ ತನಕ ಹೇಳಿಕೊಂಡು ತಿರುಗಿದರು.

ಮಳೆಗಾಲವಿಡೀ ಆ ವಸ್ತುವು ಈರನ ಅಂಗಳದಲ್ಲಿ ತೆಂಗಿನ ಮಡಲಿನ ಚಪ್ಪರದಡಿಯಲ್ಲಿ ಮಲಗಿತ್ತು. ಶ್ರಾವಣ ಹತ್ತಿರ ಬಂದಾಗ ಯಜಮಾನನು ಕಡೆಯ ಮಾತು ಹೇಳಿದನು: "ಹುಣ್ಣಿಮೆ ದಿವಸ ಅದು ನೀರಿಗಾದ್ರೂ ಮುಟ್ಲಿ, ಆಕಾಶಕ್ಕಾದ್ರೂ ಏರ್ಲಿ. ಎರಡೂ ಆಗ್ಲಿಲ್ವಾ, ಮರುದಿನ ಕಡಿಯೂದು." ಕಡಿಯುವ ವ್ಯವಸ್ಥೆಯೂ ಸಿದ್ಧವಾಗಿತ್ತು. ಕುಮಟೆ ಪೇಟೆಯ ಪಾತ್ರೆ ಮಾಡುವವನೊಬ್ಬನು ಬಂದು ಅದನ್ನು ತಟ್ಟಿ ನೋಡಿ, ಮದುವೆಯ ಮನೆಗಾಗುವಂತಹ ಚರಿಗೆ, ತಪ್ಪಲೆಗಳನ್ನು ಇಡೀ ಕೇರಿಗೆ ಮಾಡಿಕೊಡುವೆನೆಂದು ದುರ್ಗಮ್ಮನಿಗೆ ಮಾತು ಕೊಟ್ಟಿದ್ದನು.

"ಹೋಯ್, ಕೇಳ್ತಾ?" ಎಂದು ಅವಳು ಗಂಡನಿಗೆ ಹೇಳಿದಳು. "ನೀರು ಹೊರೂಕೆ ಹೋದಲ್ಲಿ 'ವಿಮಾನದ ದುರ್ಗಮ್ಮ ಬಂದಳು, ದಾರಿ ಬಿಡಿ, ಗಾಳಿ ಬೀಸ್ತು' ಅಂಬ್ರು. ಕಡಿಸಿ ಒಂದು ತಪ್ಪಲೆ ಮಾಡಿದ್ರೆ ಆ ಬಾಯಿಗಳಿಗೆಲ್ಲ ಅದ್ರಲ್ಲೇ ಗಂಜಿ ಹಾಕ್ತೆ."

ಈರನು ಅಂದು ಊಟ ಬಿಟ್ಟನು. ಮರುದಿನ ಸಣ್ಣಮ್ಮನ ಅಂಗಡಿಗೆ ಬಂದವನು ಮೊದಲ ಬಾರಿಗೆ ತನ್ನ ಪ್ರತಿವಾದಿಗಳ ಮುಂದೆ ಕೈಜೋಡಿಸಿದನು. "ಸಾಹೇಬ್ರೆ, ಶುಕ್ರಗೌಡಾ, ಅದನ್ನ ಕಡಿಯೂಕೆ ಬಿಡಬೇಡಿ. ಎಷ್ಟು ಯುದ್ಧ ಕಂಡು ಬಂದದ್ದು. ಕಡೆಗೆ ಅದರ ಮೈಯೊಳಗೆ ಸಾರು ಕುದೀಬೇಕಾ?"

ಶುಕ್ರನು ಆ ಮಾತಿಗೆ ನಗಲಿಲ್ಲ. ಸಾಹೇಬರೂ ಕುಡಿಯುತ್ತಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. ಮತಗಳು ಎಷ್ಟೇ ಭಿನ್ನವಾಗಿರಲಿ, ಭಕ್ತಿಯೆಂಬುದು ಒಂದೇ ಎಂದು ನನಗೆ ಆಗ ಮನವರಿಕೆಯಾಯಿತು.

"ಆತು," ಎಂದನು ಶುಕ್ರ. "ಬೇಸಗೆಯಲ್ಲಿ ಮರಳು ಲಾರಿಗೆ ತುಂಬೂಕೆ ಅಂತ ನಮ್ಮ ಬುಲ್ಡೋಜರು ಒಂದು ಕೆಮ್ಮಣ್ಣಿನ ದಿಬ್ಬ ಕಟ್ಟಿತ್ತಲ್ಲ? ಒಂದು ಬದಿ ಇಳಿಜಾರು, ಮತ್ತೊಂದು ಬದಿ ಕಡ್ದು ನಿಲ್ಲಿಸ್ದಾಂಗೆ. ಆಚೆ ಬದಿ ಹಳ್ಳದ ಮಡು. ಇಳಿಜಾರಲ್ಲಿ ಜೋರು ಎಳ್ಕಂಡು ಬಂದ್ರೆ ತುದೀಲಿ ಹಾರ್ಲೇ ಬೇಕು. ಆದ್ರೆ ಎಳೆಯೂದು ಯಾರು? ನಮ್ಮ ಬುಲ್ಡೋಜರಿನ ಡ್ರೈವರು ಮಳೆ ಮುಗಿಯೂ ತನಕ ಬರೂದಿಲ್ಲ. ಕಪ್ಪೆ ಹತ್ರ ಆಗೂದಿಲ್ಲ."

"ಕಪ್ಪೆ!" ಎಂದು ಸಾಹೇಬರು ಎದ್ದು ನಿಂತರು. "ನನ್ನ ಗಾಡಿಗೆ ಉಪ್ಪು ನೀರು ತಾಗಿಸಬಾರದು ಅಂತ ಇಷ್ಟು ದಿನ ಮಗುವಿನ ಹಾಗೆ ಸಾಕಿದೀನಿ. ಆದ್ರೆ ಈ ಮಾತು ಕೇಳಿ ಭಟ್ಕಳಕ್ಕೆ ಹೆಂಗೆ ವಾಪಸ್ ಹೋಗ್ಲಿ? ಹುಣ್ಣಿಮೆಗೆ ಬರ್ತೀನಿ. ಹಗ್ಗ ರೆಡಿ ಇಡಿ!"

ನೂಲ ಹುಣ್ಣಿಮೆಯ ಸಂಜೆ. ನಾನು ಬೆಳಗ್ಗೆಯೇ ಹೊಸ ಜನಿವಾರ ಧರಿಸಿ, ಕಡಲಪೂಜೆಗೆ ಬಂದು ನಿಂತಿದ್ದೆ. ಇಳಿತದ ಹೊತ್ತಾದುದರಿಂದ ದಂಡೆಯು ಗಟ್ಟಿಯಾಗಿ ಹೊಳೆಯುತ್ತಿತ್ತು. ತೆಂಗಿನಕಾಯಿ ಕಡಲಿಗೆ ಸಂದಿತು. ದೋಣಿ ಜಾರಲೆಂದು ಅಡಿಗೆ ಮೀನೆಣ್ಣೆ ಬಳಿಯುವ ಪದ್ಧತಿಯಂತೆ ಈರನ ವಿಮಾನಕ್ಕೂ ಬಳಿದರು. ಉತ್ಸಾಹದಲ್ಲಿ ಹೊಟ್ಟೆಗೆ ಮಾತ್ರವಲ್ಲ, ಬೆನ್ನಿಗೂ ಬಳಿದರು. ಒಳಗೆ ಕೂತ ಈರನಿಗೂ ಒಂದಿಷ್ಟು ತಗಲಿತು. ಅವನ ತಲೆಗೆ ದುರ್ಗಮ್ಮನು ಅನ್ನ ಬಸಿಯುವ ಬಿದಿರ ಸಿಬ್ಬಲನ್ನು ಕವುಚಿ, ಗಲ್ಲಕ್ಕೆ ಹಗ್ಗ ಬಿಗಿದಳು. "ಬಿದ್ರೆ ತಲೆ ಒಂದಾದ್ರೂ ಉಳೀಲಿ. ಒಳಗೆ ಎಂತದೂ ಇಲ್ದಿದ್ರೂ ನೋಡೂಕೆ ಬೇಕಲ್ಲ," ಎಂದಳು. ಹೇಳಿದ ಮೇಲೆ ಆ ಗಂಟನ್ನು ಬಿಚ್ಚಿ ಇನ್ನೊಮ್ಮೆ ಬಿಗಿದುದನ್ನು ನಾನು ಕಂಡೆನು.

ಹಗ್ಗದ ಒಂದು ತುದಿಯನ್ನು ವಿಮಾನಕ್ಕೂ ಮತ್ತೊಂದರ ಕುಣಿಕೆಯನ್ನು ಕಾರಿನ ಹಿಂದಿನ ಕೊಕ್ಕೆಗೂ ಹಾಕಿದರು. ಸಾಹೇಬರು ಬಿಸ್ಮಿಲ್ಲಾ ಎಂದು ಕಾರನ್ನು ಚಾಲೂ ಮಾಡಿದರು. ಆಗ ಯಜಮಾನನು ಅಡ್ಡ ನಿಂತನು.

"ಕೇರಿಯವರ ಕೈ ತಾಗದೆ ಎಂತದೂ ಇಲ್ಲಿಂದ ಮುಂದೆ ಹೋಗೂದಿಲ್ಲ. ಎಲ್ರೂ ಹಗ್ಗ ಹಿಡೀರಿ!"

ಹೀಗೆ ಮುಂದೆ ಮೋರಿಸ್ ಕಾರು, ಹಿಂದೆ ಹಗ್ಗಕ್ಕೆ ಕೈಹಚ್ಚಿದ ಇಡೀ ಕೇರಿ, ಅವರ ಹಿಂದೆ ಸಿಬ್ಬಲು ತೊಟ್ಟ ಈರ. ಕೂಗು ಎದ್ದಿತು. ಕಾರು ಮೊದಲು ಕೆಮ್ಮಿತು, ಬಳಿಕ ಗುರುಗುಟ್ಟಿತು, ಬಳಿಕ ಓಡಿತು. ಕೇರಿಯೂ ಓಡಿತು. ಮುದುಕರು ಒಬ್ಬೊಬ್ಬರಾಗಿ ಕಳಚಿಕೊಂಡರು, ನಡುವಯಸ್ಸಿನವರು ಉರುಳಿದರು, ಯಜಮಾನನು ಮಾತ್ರ ಪದ್ಧತಿಯನ್ನು ಬಿಡಲಾರದೆ, ಪಂಚೆಯನ್ನು ಬಿಟ್ಟು, ಕೌಪೀನಮಾತ್ರಧಾರಿಯಾಗಿ ಬಹುದೂರ ಓಡಿದನು. ಮರಳಿನ ಮೇಲೆ ಆ ಬೆಳ್ಳಿಯ ಮೈ ಹಾವಿನಂತೆ ಸರಿಯಿತು. "ಕಪ್ಪೆ ಅಲ್ಲ! ಕುದುರೆ! ಕುದುರೆ!" ಎಂದು ಶುಕ್ರನು ತನ್ನ ಮತವನ್ನೇ ಮರೆತು ಕೂಗಿದನು.

ಅಷ್ಟರಲ್ಲಿ ಒಂದು ಅಲೆಯು ನಿರೀಕ್ಷೆಗಿಂತ ಸ್ವಲ್ಪ ಮೇಲೆ ಬಂದಿತು. ಉಪ್ಪುನೀರು ಕಾರಿನ ಚಕ್ರದ ಕಡೆಗೆ ನಾಲಗೆ ಚಾಚುವುದನ್ನು ಕಂಡ ಸಾಹೇಬರು ವಾತ್ಸಲ್ಯವನ್ನು ತಡೆಯಲಾರದೆ ಗಕ್ಕನೆ ಬ್ರೇಕು ಒತ್ತಿದರು. ಕಾರು ನಿಂತಿತು. ಆದರೆ ಮೀನೆಣ್ಣೆ ಕುಡಿದ ವಿಮಾನಕ್ಕೆ ಬ್ರೇಕೆಲ್ಲಿ? ಹಗ್ಗ ಸಡಿಲಾಗಿ ಕುಣಿಕೆಯು ಕೊಕ್ಕೆಯಿಂದ ಕಳಚಿತು. ಈರನು ಸಾಹೇಬರ ಕಾರನ್ನು ಬಲಗಡೆಯಿಂದ ದಾಟಿ, ಕೆಮ್ಮಣ್ಣಿನ ಇಳಿಜಾರನ್ನು ಏರಿ, ತುದಿಯನ್ನು ತಲುಪಿ...

ಶಾಸ್ತ್ರವನ್ನೋದಿದವನು ಅತಿಶಯೋಕ್ತಿಗೆ ಅಂಜಬೇಕು. ಆದ್ದರಿಂದ ಅಳೆದು ಹೇಳುತ್ತೇನೆ. ವಿಮಾನದ ಕೆಳಗೆ ನೆಲವಿರಲಿಲ್ಲ, ನೀರಿರಲಿಲ್ಲ. ಅದರಡಿಯಿಂದ ಮುಳುಗುವ ಸೂರ್ಯನು ನನಗೆ ಪೂರ್ಣವಾಗಿ ಕಂಡನು. ನನ್ನ ಕೈಗಳು ತಾವಾಗಿಯೇ ಮುಗಿದವು. ಹಾರಿ ಹಾರಿ ದಣಿದು ಗುಜರಿಗೆ ಬಿದ್ದಿದ್ದ ಆ ವೃದ್ಧ ಲೋಹಕ್ಕೆ ಭಗವಂತನು ಹೊಳನಗದ್ದೆಯಲ್ಲಿ ಇನ್ನೊಮ್ಮೆ ಆಕಾಶವನ್ನು ಕೊಟ್ಟನು.

ಬಳಿಕ ಅದು ಮಡುವಿಗೆ ಬಿತ್ತು. ಬಿದ್ದ ಸದ್ದು ಕುಮಟೆ ಪೇಟೆಗೆ ಕೇಳಿಸಿತೆಂದು ಹೇಳುವವರಿದ್ದಾರೆ. ಮೊದಲು ಸಿಬ್ಬಲು ತೇಲಿತು. ದುರ್ಗಮ್ಮನು ಸೀರೆಯನ್ನೂ ಎತ್ತಿಕಟ್ಟದೆ ನೀರಿಗೆ ಹಾರಿದಳು. ಆಮೇಲೆ ಸಿಬ್ಬಲಿನ ಕೆಳಗೆ ಈರನ ತಲೆಯೂ ಕಾಣಿಸಿತು.

ದಂಡೆಯಲ್ಲಿ ಎದ್ದ ಜಯಘೋಷದ ನಡುವೆ ಎಲ್ಲ ವಿವಾದಗಳೂ ತಾವಾಗಿ ಬಗೆಹರಿದವು. ಅದು ಆಕಾಶಕ್ಕೂ ಏರಿತು, ನೀರಿಗೂ ಮುಟ್ಟಿತು. ಯಜಮಾನನು ಪಂಚೆ ಸುತ್ತಿಕೊಳ್ಳುತ್ತ, ಕಡಲಿಗೆ ಸಮಾಧಾನವಾಯಿತೆಂದು ಸಾರಿದನು. ಹಿಡಿಯಲು ಬಂದಿದ್ದ ಚೌಕಿಯ ಅಧಿಕಾರಿಯವರು ಬಾಯ್ದೆರೆದು ನಿಂತಿದ್ದವರು, "ನಾ ಏನೂ ಹಿಡ್ಯಾಂಗಿಲ್ರೀ. ಇಂಥಾದ್ದನ್ನ ಹಿಡದ್ರ ಕೈ ಸೆಟೆದು ಹೋಗ್ತಾವ," ಎಂದು ಸೈಕಲ್ ಏರಿದರು. ಹಾರಿಸಿದ್ದು ಕಾರೆಂದು ಸಾಹೇಬರೂ, ದಿಬ್ಬವೆಂದು ಶುಕ್ರನೂ ಅಲ್ಲಿಯೇ ಹೊಸ ವಾದವನ್ನು ಆರಂಭಿಸಿದರು. ಗಡಿಗೆಗೆ ಮಣ್ಣೂ ಕಾರಣ, ಕುಂಬಾರನೂ ಕಾರಣ ಎಂದು ನಾನು ಹೇಳಹೊರಟೆ, ಯಾರೂ ಕೇಳಲಿಲ್ಲ. ಮರುದಿನ ಕತ್ತರಿ ಹಿಡಿದು ಬಂದ ಪಾತ್ರೆಯವನನ್ನು ದುರ್ಗಮ್ಮನು ಅಂಗಳದ ಬೇಲಿಯ ದಣಪೆಯ ಆಚೆಯೇ ನಿಲ್ಲಿಸಿ ಹಿಂದಕ್ಕೆ ಕಳುಹಿಸಿದಳು.

ಆದರೆ ಈರನ ಮಾತು ಅಂದಿನಿಂದ ನಿಂತಿತು. ಕಾರಣವನ್ನು ಅವನು ಬಹುದಿನ ಯಾರಿಗೂ ಹೇಳಲಿಲ್ಲ. ದಿಬ್ಬದ ಬುಡ ಮುಟ್ಟಿದೊಡನೆ ಸಿಬ್ಬಲು ಜಾರಿ ಅವನ ಕಣ್ಣುಗಳನ್ನು ಮುಚ್ಚಿತ್ತು. ಊರೆಲ್ಲ ಕಂಡ ಹಾರಾಟವನ್ನು, ಹಾರಿದವನೊಬ್ಬನೇ ಕಂಡಿರಲಿಲ್ಲ. ಹೀಗಾಗಿ ಎಲ್ಲರಿಗೂ ವಿಮಾನಗಳ ಕಥೆ ಹೇಳುತ್ತಿದ್ದವನು ಈಗ ಎಲ್ಲರ ಬಳಿಗೂ ಹೋಗಿ ತನ್ನ ವಿಮಾನದ ಕಥೆಯನ್ನು ಕೇಳತೊಡಗಿದನು. ಶುಕ್ರನು ಆಳೆತ್ತರವೆಂದನು. ಸಾಹೇಬರು ಎರಡಾಳೆತ್ತರವೆಂದರು. ಅವನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದನು.

ಒಂದು ದಿನ ಪೂಜೆ ಮುಗಿಸಿ ಬರುವಾಗ ಅವನ ಮನೆಯ ಮುಂದೆ ಹಾದುಹೋದೆ. ಅಂಗಳದಲ್ಲಿ ಬಲೆ ಬಿಡಿಸುತ್ತ ಕುಳಿತಿದ್ದ ದುರ್ಗಮ್ಮನು ಕೈಯೆತ್ತಿ ತೋರಿಸುತ್ತಿದ್ದಳು.

"ಆ ತೆಂಗಿನ ಮರ ಇತ್ತಲ್ಲ, ಅದರ ಸುಳಿಗೆ ಸಮ. ಒಂದು ಕಾಗೆ ಹೆದರಿ ಕೆಳಗಿಂದ ಹೋತು."

"ಅಷ್ಟು ಎತ್ತರ ಆಗಿರ್ಲಿಕ್ಕಿಲ್ಲ ಮಾರಾಯ್ತಿ," ಎಂದನು ಈರನು, ಸಂಕೋಚದಿಂದ.

ಅವಳು ಬಲೆಯನ್ನು ಕೆಳಗೆ ಹಾಕಿ, ಸಿಟ್ಟಿನಿಂದ ಅವನನ್ನು ನೋಡಿದಳು.

"ನಿಮಗೆಂತ ಗೊತ್ತು? ನೀವು ಒಳಗಿದ್ರಿ!"